ದೊಡ್ಡಿಯ ಬಾಗಿಲಲ್ಲಿ ಬಿಸಿಯಾಗಿ ಕುಳಿತ ಡೈನಮೋ ದೊರೆಗಳಿಗೆ

ಕಂಬಂ, ಆವಣಿ ತಿಂಗಳು, ೧೮೯೬

ಮಾನ್ಯರೇ,

ತಾವೂ, ಕಂಬದ ತುದಿಯಲ್ಲಿ ನಿಂತು ಪಟ್ಟಿಯ ಮೂಲಕ ತಮ್ಮನ್ನು ತಿರುಗಿಸುವ ಗಾಳಿಚಕ್ರವೂ ಕ್ಷೇಮವೆಂದು ಭಾವಿಸಿ, ತಮ್ಮ ಕಬ್ಬಿಣದ ಪಾದಗಳಿಗೆ ಈ ಬಡಪಾಯಿ ಮುತ್ತಯ್ಯನು ಮಾಡುವ ನಮಸ್ಕಾರಗಳು. ಬೆಟ್ಟದ ಕಡೆಯಿಂದ ಇಳಿಯುವ ಗಾಳಿಯೂ ಸೌಖ್ಯವೇ. ನಿನ್ನೆ ನಮ್ಮ ದನದ ಕೊಟ್ಟಿಗೆಯ ಹುಲ್ಲುಮಾಡನ್ನು ಚಿನ್ನಮನೂರಿನ ದಿಕ್ಕಿಗೆ ಒಯ್ದಿತು. ಆದ್ದರಿಂದ ಗಾಳಿ ಸಾಲದೆಂಬ ನೆಪವನ್ನು ತಾವು ಹೇಳಲಾರಿರಿ.

ಕಾಫಿ ತೋಟದ ದೊರೆ ಸೀಮೆಗೆ ಹೊರಟಾಗ ತಮ್ಮನ್ನು ನನ್ನ ಗಾಡಿಗೆ ಹೇರಿ, ಇದು ಗಾಳಿ ತಿಂದು ಬೆಳಕು ಕೊಡುತ್ತದೆ ಎಂದರು. ತಿನ್ನುವ ವಿಷಯದಲ್ಲಿ ಅವರು ಸುಳ್ಳಾಡಲಿಲ್ಲ. ನಾನೂ ಹಿಗ್ಗಿ, ನಮ್ಮವರು ದೇವರ ಹೆಸರಲ್ಲಿ ಸಾಕುವ ತಂಬಿರಾನ್ ಮಂದೆಯ ದೊಡ್ಡಿಗೆ ಹೋಗಿ, ಹಿರಿಯರೆಲ್ಲರ ಮುಂದೆ ಮಾತು ಕೊಟ್ಟುಬಿಟ್ಟೆ: ತೀರಿಕೊಂಡ ಪಟ್ಟದ ಗೂಳಿಯ ಜಾಗಕ್ಕೆ ಹೊಸ ಕರುವನ್ನು ಆರಿಸುವ ಶುಕ್ರವಾರ ಮುಂಜಾನೆ ಇಲ್ಲಿ ಎಣ್ಣೆಯಿಲ್ಲದ ದೀಪ ಉರಿಯುತ್ತದೆ, ಉರಿಯದಿದ್ದರೆ ಈ ದೊಡ್ಡಿಯಲ್ಲಿ ನಾನಿನ್ನು ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮುತ್ತಯ್ಯನನ್ನು ನೋಡಲು ಅಂದಿನಿಂದ ಊರೇ ಕಾದಿದೆ. ದೀಪಕ್ಕೆ ಎಳೆಯುವ ತಂತಿ ಗಿಡ್ಡವಾಗಿದ್ದರಿಂದ ತಮ್ಮನ್ನು ದೊಡ್ಡಿಯ ಬಾಗಿಲಲ್ಲೇ ಕೂರಿಸಬೇಕಾಯಿತು.

ಮೊದಲ ದಿನ ತಿರುಗಿಸಿ ನೋಡಿದಾಗ ದೀಪ ಹತ್ತಿತು, ನಿಜ. ಮಿಂಚುಹುಳುವೊಂದು ನಾಚಿಕೊಂಡಷ್ಟು ಹತ್ತಿತು. ಉಳಿದದ್ದೆಲ್ಲ ತಮ್ಮ ಮೈಯಲ್ಲಿ ಕಾವಾಗಿ ಕುಳಿತಿತ್ತು. ದೊಡ್ಡಪ್ಪ ಚಿನ್ನತಂಬಿ ತಮ್ಮ ಬೆನ್ನು ಮುಟ್ಟಿ ಕೈ ಹಿಂದೆಳೆದುಕೊಂಡು, "ಏಲೇ ಮುತ್ತಯ್ಯಾ, ಇದು ವಿಳಕ್ಕಾ, ಅಡುಪ್ಪಾ? ದೀಪಾಂತ ತಂದು ಒಲೆ ಹೂಡಿದ್ಯಲ್ಲೋ!" ಎಂದರು.

ತಮ್ಮ ಮೇಲೆ ಸುಮ್ಮನೆ ಅಪವಾದ ಹೊರಿಸಬಾರದೆಂದು ನಾನು ಪರೀಕ್ಷೆಯನ್ನೂ ಮಾಡಿಸಿದೆ. ಒಂದೇ ಅಳತೆಯ ಎರಡು ತಂಬಿಗೆ ನೀರು ತಂದು, ಒಂದರಲ್ಲಿ ದೀಪದ ಬುರುಡೆಯನ್ನು ಮುಳುಗಿಸಿ, ಇನ್ನೊಂದನ್ನು ತಮ್ಮ ಬೆನ್ನ ಮೇಲಿಟ್ಟು, ಒಂದೇ ಗಾಳಿಗೆ ಒಂದೇ ಹೊತ್ತು ಬಿಟ್ಟೆವು. ಎಳೆಕೂಸಿನ ಸ್ನಾನದ ನೀರನ್ನು ನೋಡುವಂತೆ ನನ್ನ ತಾಯಿ ಓಚ್ಚಮ್ಮಾಳ್ ಎರಡರಲ್ಲೂ ಮೊಣಕೈ ಅದ್ದಿ, "ಬೆನ್ ಮ್ಯಾಲಿಂದು ಕೂಸಿಗ್ ಹುಯ್ಯಿ ಮಗಾ, ದೀಪದ್ದು ತೊಳಸಿ ಗಿಡಕ್ ಹುಯ್ಯಿ" ಎಂದು ತೀರ್ಪಿತ್ತರು. ಸುತ್ತಲ ಗಾಳಿ ಕದ್ದೊಯ್ದ ಕಾವು ಈ ಲೆಕ್ಕಕ್ಕೆ ಸಿಗಲಿಲ್ಲ. ಅದನ್ನೂ ಹಿಡಿದಿದ್ದರೆ ತಮ್ಮ ಕೀರ್ತಿ ಇನ್ನೂ ಬೆಳಗುತ್ತಿತ್ತು. ಕಣದಲ್ಲಿ ರಾಶಿ ಏಳುವ ಮೊದಲೇ ಆಯಗಾರರೆಲ್ಲ ಮೊರ ಹಿಡಿದು ಬರುವಂತೆ, ತಾಮ್ರದ ತಂತಿ ತನ್ನ ಪಾಲನ್ನೂ, ಕಬ್ಬಿಣ ತನ್ನದನ್ನೂ, ಉಜ್ಜುವ ಅಚ್ಚು ತನ್ನದನ್ನೂ ಎತ್ತಿಕೊಂಡ ಮೇಲೆ, ಒಡೆಯನಾದ ದೀಪಕ್ಕೆ ಬರೀ ಹೊಟ್ಟು ಉಳಿಯುತ್ತದೆ. ಇಷ್ಟು ಜನರನ್ನು ಸಾಕುವ ತಮ್ಮ ಔದಾರ್ಯಕ್ಕೆ ಏನೆನ್ನಲಿ!

ಇಷ್ಟಕ್ಕೇ ನಿಂತಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ. ಹೋದ ಶುಕ್ರವಾರ, ಜಿಟಿಜಿಟಿ ಮಳೆಯಲ್ಲಿ, ಕರ್ಪೂರ ಹಚ್ಚಿ, ಮಂದೆಯ ಮುಂದೆ ಕಬ್ಬಿನ ಕಟ್ಟು ಇಟ್ಟರು. ಯಾವ ಹೋರಿಗರು ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಬಿಳಿ ಕರುವೊಂದು ಹೊರಟಿತು. ಎಲ್ಲರೂ ಉಸಿರು ಹಿಡಿದರು. ಅದು ಕಬ್ಬನ್ನು ದಾಟಿ, ನೇರವಾಗಿ ತಮ್ಮ ಬಳಿ ಬಂದು, ತಮಗೆ ಮೈ ಉಜ್ಜಿ, ಕಾಲು ಮಡಚಿ ಮಲಗಿತು. ಹಿಂದೆಯೇ ಉಳಿದ ಕರುಗಳೂ ಬಂದವು. ಚಿನ್ನತಂಬಿಯವರು ಕೆಂಡವಾದರು. ನಾದಿನಿ ರಾಜಮ್ಮಾಳ್ ಮಾತ್ರ, "ಕರೂದೇನ್ ತಪ್ಪು ಮಾಮಾ, ಕುಳಿರು! ನೀವೂ ಆಗ್ಲಿಂದ ಅದ್ರ ಪಕ್ಕಾನೇ ನಿಂತಿದೀರಿ" ಎಂದಳು. ಅವರು ಥಟ್ಟನೆ ದೂರ ಸರಿದರು.

ಮಂದೆಗೆ ಇನ್ನೂ ಅರಸನಿಲ್ಲ. ಬರುವ ಶುಕ್ರವಾರ ಮತ್ತೆ ಕಬ್ಬಿಡುತ್ತಾರೆ. ಆಗಲೂ ಹೀಗಾದರೆ ತಮ್ಮ ಕಂಬ ದೊಡ್ಡಿಯ ಬೇಲಿಗೆ, ತಾವು ಬಾವಿಗೆ, ನಾನು ಮೌನಕ್ಕೆ. ಚಕ್ರ ನಿಲ್ಲಿಸೋಣವೆಂದರೆ ದೀಪದ ಮಾತು ತಪ್ಪುತ್ತದೆ. ತಿರುಗಿಸೋಣವೆಂದರೆ ಕರು ತಪ್ಪುತ್ತದೆ. ಆದಕಾರಣ ತಮ್ಮಲ್ಲಿ ಸವಿನಯ ಬಿನ್ನಹವೇನೆಂದರೆ, ಆ ಒಂದು ಬೆಳಿಗ್ಗೆ, ಕರು ನಾಲ್ಕು ಹೆಜ್ಜೆ ನಡೆದು ಕಬ್ಬು ಕಚ್ಚುವಷ್ಟು ಹೊತ್ತು, ತಿಂದ ಗಾಳಿಯನ್ನೆಲ್ಲ ದೀಪಕ್ಕೇ ಬಡಿಸಿ, ತಾವು ಮಣ್ಣಿನ ಮಡಕೆಯಂತೆ ತಣ್ಣಗೆ ಕುಳಿತಿರಬೇಕು. ಜಗತ್ತಿನಲ್ಲಿ ಯಾವ ಡೈನಮೋವೂ ಇದನ್ನು ಮಾಡಿಲ್ಲವೆಂದು ಬಲ್ಲೆ. ಆದರೆ ಜಗತ್ತಿನ ಯಾವ ಡೈನಮೋಗೂ ಕರುಗಳು ಇಷ್ಟು ಮರ್ಯಾದೆ ಮಾಡಿಲ್ಲ.

ತಮ್ಮ ಕಾವಿನಲ್ಲಿ ಸದಾ ಬೇಯುತ್ತಿರುವ,
ತಮ್ಮ ವಿಶ್ವಾಸಿ,
ಮುತ್ತಯ್ಯ

ತಾ.ಕ.: ಈ ಸಲವೂ ಕರು ತಮ್ಮನ್ನೇ ಮುಟ್ಟಿದರೆ ದೇವರ ಮನಸ್ಸು ಅದೇ ಎಂದು ತಿಳಿದು ತಮಗೇ ಪಟ್ಟ ಕಟ್ಟೋಣವೆಂದು ಕೆಲವು ಹಿರಿಯರು ಈಗ ಗುಸುಗುಸು ಎನ್ನುತ್ತಿದ್ದಾರೆ. ನಾನು ಮನಸಾರೆ ಅನುಮೋದಿಸಿದ್ದೇನೆ. ಪಟ್ಟದ ಗೂಳಿಗೆ ನೊಗ ಹೂಡುವಂತಿಲ್ಲ, ಅದರಿಂದ ಕೆಲಸ ತೆಗೆಯುವಂತಿಲ್ಲ, ಅದು ತಿಂದದ್ದೆಲ್ಲ ಎಲ್ಲಿ ಹೋಯಿತೆಂದು ಯಾರೂ ಕೇಳುವಂತಿಲ್ಲ. ಇಷ್ಟು ಅಭ್ಯಾಸವುಳ್ಳ ಅಭ್ಯರ್ಥಿ ನಮ್ಮ ಇಡೀ ಮಂದೆಯಲ್ಲಿ ಇನ್ನೊಬ್ಬರಿಲ್ಲ.