ಹದಿನೇಳನೇ ನಂಬರಿನ ಇಲಿಯವರ ನೆಮ್ಮದಿಯ ವಿರುದ್ಧ ಒಂದು ದೂರು

ಮಾನ್ಯರೇ,

ಕಿವಿಯಲ್ಲಿ ಹದಿನೇಳನೇ ನಂಬರಿನ ಬಿಲ್ಲೆ ಧರಿಸಿ ನಮ್ಮ ಸಂಶೋಧನಾ ಕೇಂದ್ರದ ಹಿಂದಿನ ಹುಲ್ಲುಗಾವಲಿನಲ್ಲಿ ವಾಸವಾಗಿರುವ ತಮಗೆ, ತಮ್ಮ ಮೀಸೆಗೆ, ಮತ್ತು ಮೈಗಿಂತ ಉದ್ದವಾದ ತಮ್ಮ ಬಾಲಕ್ಕೆ, ದಿನಾ ಬೆಳಿಗ್ಗೆ ತಮ್ಮನ್ನು ಬೋನಿನಿಂದ ಹೊರತೆಗೆಯುವ ವಿದ್ಯಾರ್ಥಿಯ ವಿನಯಪೂರ್ವಕ ವಂದನೆಗಳು.

ನನ್ನ ಪ್ರಬಂಧದ ವಿಷಯ ತಮಗೆ ಗೊತ್ತೇ ಇದೆ; ಅದರ ಮೂರನೇ ಅಧ್ಯಾಯದ ಕರಡನ್ನು ಕಡಿದವರು ತಾವೇ. ಬೋನಿಗೆ ಬಿದ್ದ ಕಾಡು ಇಲಿ ಗಾಬರಿಯಾಗುತ್ತದೆ, ಆಗ ಅದರ ರಕ್ತದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ ಎಂದು ತೋರಿಸಲು ನಾಲ್ಕು ವರ್ಷ ಕೊಟ್ಟಿದ್ದೇನೆ. ಬೋನು ತೆರೆದ ಮೂರು ನಿಮಿಷದೊಳಗೆ ಬಾಲದಿಂದ ಒಂದು ಹನಿ ರಕ್ತ ತೆಗೆಯದಿದ್ದರೆ ನನ್ನ ಮುಖ ಕಂಡ ಗಾಬರಿಯೂ ಅದರಲ್ಲಿ ಸೇರಿಬಿಡುತ್ತದೆಂದು, ಕೊರಳಿಗೆ ಗಡಿಯಾರ ಕಟ್ಟಿಕೊಂಡು ಒದ್ದೆ ಹುಲ್ಲಿನಲ್ಲಿ ಓಡಾಡುತ್ತೇನೆ. ಉಳಿದ ಇಲಿಗಳು ನನ್ನ ಬೆರಳು ಕಚ್ಚಿ ವಿಜ್ಞಾನಕ್ಕೆ ತಕ್ಕ ಮರ್ಯಾದೆ ಕೊಡುತ್ತವೆ. ಮೂವತ್ತೊಂದು ಸಲ ಸಿಕ್ಕಿಬಿದ್ದು ಪ್ರಬಂಧದ ಆಧಾರಸ್ತಂಭವಾಗಬೇಕಿದ್ದ ತಾವು ಮಾತ್ರ ನಾನಿಟ್ಟ ಕಾಳು ತಿಂದು, ನಾನು ಹಾಸಿದ ಹತ್ತಿ ಹೊದ್ದು ಮಲಗಿರುತ್ತೀರಿ. ಎಬ್ಬಿಸಿದರೆ ಆಕಳಿಸಿ, ಬಾಲವನ್ನು ತಾವಾಗಿಯೇ ಮುಂದೆ ಚಾಚುತ್ತೀರಿ. ತಮ್ಮ ಹಾರ್ಮೋನು ವಾರದಿಂದ ವಾರಕ್ಕೆ ಇಳಿಯುತ್ತಲೇ ಇದೆ. ಇಂಥ ಮನಶ್ಶಾಂತಿಯನ್ನು ನಮ್ಮ ಕೇಂದ್ರದ ಮನುಷ್ಯರಲ್ಲಿ ನಾನು ಕಂಡಿಲ್ಲ. "ಇಲಿಗೆ ಟೆನ್ಷನ್ ಆಗುತ್ತಾ ಅಂತ ನೋಡೋಕೆ ಹೋಗಿ ನೀನು ಹಿಂಗಾದ್ಯಲ್ಲೋ" ಎಂದು ಅಕ್ಕ ಮರುಗುತ್ತಾಳೆ.

ಕಳೆದ ವಾರ ಮಾತ್ರ ತಮ್ಮ ಹಾರ್ಮೋನು ಮುಗಿಲು ಮುಟ್ಟಿತು. ನನ್ನ ಮಾರ್ಗದರ್ಶಕರಾದ ಮೇಡಂ ಕುಣಿದಾಡುವುದೊಂದು ಬಾಕಿ: "ನಾನು ಹೇಳ್ಲಿಲ್ವೇನಪ್ಪಾ? ಪಾಪ, ಎದೆ ಒಡ್ಕೊಂಡು ಸಾಯೋ ಹಾಗಿದೆ ಇದು!" ಪ್ರಾಣಿಹಿತ ಸಮಿತಿ ಅರ್ಧ ಗಂಟೆಯಲ್ಲಿ ಸಭೆ ಸೇರಿ ತಮಗೆ ಒಂದು ತಿಂಗಳ ಪೂರ್ಣ ವಿಶ್ರಾಂತಿ, ಎರಡು ಪಟ್ಟು ಕಾಳು, ಮೆತ್ತನೆಯ ಹತ್ತಿ ಮಂಜೂರು ಮಾಡಿತು, ತಮ್ಮ ಬಿಲದ ಬಳಿ ಯಾರೂ ಜೋರಾಗಿ ಮಾತಾಡಕೂಡದೆಂದು ಫಲಕವನ್ನೂ ನೆಡಿಸಿತು. ನನ್ನ ಪ್ರಬಂಧ ಗೆದ್ದಿತ್ತು. ಆಮೇಲೆ ನಳಿಕೆಗಳನ್ನು ಎಣಿಸುವಾಗ ಲೆಕ್ಕ ತಪ್ಪಿದ್ದು ಕಂಡಿತು. ಹಾರ್ಮೋನು ಅಳೆಯುವ ಹೊಸ ಕಿಟ್ ಸರಿಯಿದೆಯೇ ಎಂದು ನೋಡಲು ನನ್ನದೇ ಬೆರಳಿನಿಂದ ತೆಗೆದ ರಕ್ತವನ್ನು, ಮೊದಲೇ ಚೀಟಿ ಅಂಟಿಸಿಟ್ಟಿದ್ದ ತಮ್ಮ ನಳಿಕೆಗೆ ತುಂಬಿಸಿಬಿಟ್ಟಿದ್ದೆ. ಸಮಿತಿಯ ಮುಂದೆ ಹೋಗಿ ನಿಜ ಹೇಳಿದೆ.

ಹಾಗಾಗಿ ತಮ್ಮ ವಿಶ್ರಾಂತಿ ರದ್ದಾಗಿದೆ. ನಾಳೆ ಕೊನೆಯ ರಕ್ತದ ಹನಿ, ಸೋಮವಾರ ಪ್ರಬಂಧ ಒಪ್ಪಿಸಬೇಕು. ದಯಮಾಡಿ ನಾಳೆ ಒಂದಿಷ್ಟು ಹೆದರಿಕೊಳ್ಳಿ. ನನ್ನನ್ನು ನೋಡಿ ಹೆದರುವುದು ಘನತೆಗೆ ಕುಂದೆನಿಸಿದರೆ ಕಣ್ಣು ಮುಚ್ಚಿ ಒಂದು ಗೂಬೆಯನ್ನು ನೆನೆಸಿಕೊಳ್ಳಿ. ಅದೂ ಆಗದಿದ್ದರೆ, ಬೋನಿನಲ್ಲಿ ಹೀಗೆ ನಿದ್ದೆ ಮಾಡುವುದು ಹೇಗೆಂದು ಎರಡು ಸಾಲಿನ ವಿವರಣೆ ಬರೆದುಕೊಡಿ. ಮೂರನೇ ಅಧ್ಯಾಯದಲ್ಲಿ ತಾವು ಕಡಿದ ಕಡೆ ಹೇಗೂ ಜಾಗವಿದೆ.

ತಮ್ಮ ವಿಶ್ವಾಸಿ,
ಕೊರಳಿಗೆ ಗಡಿಯಾರ ಕಟ್ಟಿಕೊಂಡವನು

ಮರೆತ ಮಾತು: ಆ ರಕ್ತ ನನ್ನದೆಂದು ತಿಳಿದಾಗ ಸಮಿತಿಯವರೆಲ್ಲ ನಿಟ್ಟುಸಿರು ಬಿಟ್ಟು, "ಓ, ನಿಂದಾ? ಸದ್ಯ! ಸ್ವಲ್ಪ ನೀರು ಕುಡಿ, ಹೋಗು" ಎಂದರು. ಆದ್ದರಿಂದ ನಾಳೆ ಬೆಳಿಗ್ಗೆ ತಮ್ಮ ಬೋನಿನ ಬಾಗಿಲು ಮೊದಲೇ ಮುಚ್ಚಿದ್ದರೆ ಒಳಗೆ ಹತ್ತಿ ಹೊದ್ದು ಮಲಗಿರುವವನು ನಾನು. ಮೂರು ನಿಮಿಷದ ಅವಸರವೇನೂ ಬೇಡ, ನಿಧಾನವಾಗಿ ಎಬ್ಬಿಸಿ.