ರಾಜನ ಮೂಗಿನ ಮೇಲಿನ ಗೀರು: ಸ್ಪಷ್ಟೀಕರಣ ಮತ್ತು ಸೂಚನೆಗಳು

ಹಳೆ ನಾಣ್ಯಗಳ ದರ್ಜೆ ನಿರ್ಣಯ ಕಚೇರಿ
(ಎರಡನೇ ಮಹಡಿ, ಮೆಟ್ಟಿಲು ಹತ್ತುವವರಿಗೆ ಬಲಗಡೆ, ಇಳಿಯುವವರಿಗೆ ಎಡಗಡೆ)

ಸಂಖ್ಯೆ: ಹ.ನಾ.ದ/ಮೂಗು/ಮರುಪರೀಕ್ಷೆಯ ಮರುಪರೀಕ್ಷೆ/೦೭
ದಿನಾಂಕ: ಈ ತಿಂಗಳ ೧೪, ಊಟದ ವಿರಾಮಕ್ಕೆ ಮುಂಚೆ

ಸುತ್ತೋಲೆ

ವಿಷಯ: ಒಂದೇ ನಾಣ್ಯಕ್ಕೆ ದಿನಕ್ಕೊಂದು ದರ್ಜೆ ಕೊಟ್ಟು ಕಚೇರಿಯ ಮಾನ ಕಳೆಯುತ್ತಿರುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ:
(ಅ) ನಾಣ್ಯದ ಒಡತಿಯೊಬ್ಬರ ದೂರು.
(ಆ) ಅದೇ ಒಡತಿಯ ಜ್ಞಾಪನ ಪತ್ರಗಳು, ಒಟ್ಟು ಒಂಬತ್ತು.
(ಇ) ಇದೇ ವಿಷಯದ ಮೇಲೆ ಈ ಕಚೇರಿಯ ಹಿಂದಿನ ಸುತ್ತೋಲೆ (ಕಳೆದುಹೋಗಿರುತ್ತದೆ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸಿಬ್ಬಂದಿಗೆ ಮತ್ತು ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಜನ ತರುವ ಹಳೆ ನಾಣ್ಯಗಳ ಸವೆತ, ಗೀರು, ಹೊಳಪುಗಳನ್ನು ನೋಡಿ, ಎಪ್ಪತ್ತಕ್ಕೆ ಇಂತಿಷ್ಟು ಎಂದು ದರ್ಜೆ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮೊಹರು ಹಾಕುವುದು ಈ ಕಚೇರಿಯ ಏಕೈಕ ಕೆಲಸವಾಗಿರುತ್ತದೆ. ಅದೊಂದನ್ನೂ ನೆಟ್ಟಗೆ ಮಾಡುತ್ತಿಲ್ಲವೆಂಬುದು ಗಮನಕ್ಕೆ ಬಂದಿರುತ್ತದೆ.

ಹೊಲಿಗೆ ಕೆಲಸ ಮಾಡುವ ಅಕ್ಕ ಮತ್ತು ಶಾಲೆಯಲ್ಲಿ ಗಣಿತ ಹೇಳಿಕೊಡುವ ತಂಗಿ, ಇವರಿಬ್ಬರಿಗೆ ತೀರಿಕೊಂಡ ತಾಯಿ ಒಂದೊಂದು ಬೆಳ್ಳಿ ನಾಣ್ಯ ಬಿಟ್ಟುಹೋಗಿದ್ದರು. ಒಂದೇ ರಾಜ, ಒಂದೇ ವರ್ಷ. ಮುಂದೆ ಜಗಳ ಬರಬಾರದೆಂದೇ ಹುಡುಕಿ ಒಂದೇ ಥರದವನ್ನು ಎತ್ತಿಟ್ಟಿದ್ದರು. ನಾಲ್ಕು ವರ್ಷಗಳ ಹಿಂದೆ ಈ ಕಚೇರಿಯು ತಂಗಿಯ ನಾಣ್ಯಕ್ಕೆ ಅರವತ್ತನಾಲ್ಕು, ಅಕ್ಕನ ನಾಣ್ಯಕ್ಕೆ "ರಾಜನ ಮೂಗಿನ ಮೇಲೆ ಆಳವಾದ ಗೀರು" ಎಂಬ ಷರಾದೊಂದಿಗೆ ನಲವತ್ತು ಕೊಟ್ಟಿತು. ಚೆನ್ನಾಗಿದ್ದುದನ್ನು ತಾಯಿ ತಂಗಿಗೇ ಆರಿಸಿಕೊಟ್ಟರೆಂದು ಅಕ್ಕನ ಮನಸ್ಸಿಗೆ ನಾಟಿ, ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು. ಅಕ್ಕ ತಮ್ಮ ನಾಣ್ಯವನ್ನು ಮೂರು ಬಾರಿ ಮರುಪರೀಕ್ಷೆಗೆ ತಂದಿದ್ದು, ಕ್ರಮವಾಗಿ ಅರವತ್ತನಾಲ್ಕು, ನಲವತ್ತು ಮತ್ತು ಐವತ್ತೆರಡು (ಪರೀಕ್ಷಕರಿಗೆ ನೆಗಡಿ) ಬಂದಿರುತ್ತದೆ.

ಕಳೆದ ತಿಂಗಳ ಎರಡನೇ ಸೋಮವಾರ ಅಕ್ಕ ಮತ್ತೆ ಬಂದಾಗ, ಹೋಲಿಸಿ ನೋಡುವ ಸಲುವಾಗಿ ತಂಗಿಯನ್ನೂ ನಾಣ್ಯದೊಂದಿಗೆ ಕರೆಸಲಾಗಿತ್ತು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಮುಖ ತಿರುಗಿಸಿ ಕುಳಿತಿದ್ದರು. ಬಲಗೈ ಪರೀಕ್ಷಕರು (ಅಂದರೆ ಭೂತಗನ್ನಡಿಯನ್ನು ಬಲಗೈಯಲ್ಲಿ ಹಿಡಿಯುವವರು) ಎರಡೂ ನಾಣ್ಯಗಳಿಗೆ ನಲವತ್ತು ಕೊಟ್ಟರು. ಎಡಗೈ ಪರೀಕ್ಷಕರು ಎರಡಕ್ಕೂ ಅರವತ್ತನಾಲ್ಕು ಕೊಟ್ಟರು. ಪರೀಕ್ಷಕರಿಬ್ಬರೂ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ ತಂಗಿಯು ಯಾವುದೇ ಅರ್ಜಿ ಸಲ್ಲಿಸದೆ ಕಚೇರಿಯ ಭೂತಗನ್ನಡಿಯನ್ನು ಎತ್ತಿಕೊಂಡು, ಮೊದಲು ತಮ್ಮ ಹೆಬ್ಬೆರಳನ್ನೂ ನಂತರ ಬೆಂಚಿನ ಆ ತುದಿಯನ್ನೂ ನೋಡಿ, "ಅಕ್ಕಾ, ನಿನ್ನ ಮೂಗಿನ ಮೇಲೂ ಗೀರಿದೆ ಕಣೇ! ನೀನೂ ನಲವತ್ತೇ!" ಎಂದಿರುತ್ತಾರೆ. ಇದು ನಾಲ್ಕು ವರ್ಷಗಳಲ್ಲಿ ಅವರು ಅಕ್ಕನೊಂದಿಗೆ ಆಡಿದ ಮೊದಲ ಮಾತೆಂದು ದಾಖಲಿಸಲಾಗಿದೆ.

ಅಲ್ಲೇ ಎಲ್ಲರ ಎದುರು ವಿಚಾರಣೆ ನಡೆಸಲಾಗಿ, ಗೀರು ಇರುವುದು ರಾಜನ ಮೂಗಿಗಲ್ಲ, ಭೂತಗನ್ನಡಿಗೆ ಎಂದು ತಿಳಿದುಬಂದಿದೆ. ಹನ್ನೊಂದು ವರ್ಷಗಳ ಹಿಂದೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಎಬ್ಬಿಸಲು ಅದನ್ನು ಬಳಸಲಾಗಿತ್ತು. (ಬಿಸ್ಕತ್ತು ಮೆತ್ತಗಾಗಿತ್ತು.) ಬಲಗೈಯಲ್ಲಿ ಹಿಡಿದರೆ ಗೀರು ನೇರವಾಗಿ ಮೂಗಿನ ಮೇಲೆ ಬರುತ್ತದೆ. ಎಡಗೈಯಲ್ಲಿ ಹಿಡಿದರೆ ನಾಣ್ಯದ ಆಚೆ, ಮೇಜಿನ ಮೇಲೆ ಬರುತ್ತದೆ. ಮೇಜಿಗೆ ದರ್ಜೆ ಕೊಡುವ ಪದ್ಧತಿ ಇಲ್ಲದ ಕಾರಣ ಯಾರೂ ಇದನ್ನು ಗಮನಿಸಿರುವುದಿಲ್ಲ. ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

೧. ಭೂತಗನ್ನಡಿಯನ್ನು ಬದಲಾಯಿಸತಕ್ಕದ್ದಲ್ಲ. ಬದಲಾಯಿಸಿದರೆ ಈವರೆಗೆ ಕೊಟ್ಟ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ದರ್ಜೆಗಳು ತಪ್ಪಾಗುತ್ತವೆ. ಬದಲಾಯಿಸದಿದ್ದರೆ ಸರಿಯಾಗಿಯೇ ಉಳಿಯುತ್ತವೆ. ಸದರಿ ಗೀರನ್ನು ಅಧಿಕೃತ ಗೀರು ಎಂದು ಈ ಮೂಲಕ ಘೋಷಿಸಲಾಗಿದೆ.

೨. ಇನ್ನು ಮುಂದೆ ಮೂಗಿನ ಮೇಲೆ ಗೀರಿಲ್ಲದ ನಾಣ್ಯ ಕಂಡುಬಂದಲ್ಲಿ ಅದನ್ನು ಖೋಟಾ ಎಂದು ಶಂಕಿಸತಕ್ಕದ್ದು.

೩. ಬಲಗೈ ಪರೀಕ್ಷಕರು ಎಡಗೈಯನ್ನೂ, ಎಡಗೈ ಪರೀಕ್ಷಕರು ಬಲಗೈಯನ್ನೂ ವಾರ ಬಿಟ್ಟು ವಾರ ಬಳಸತಕ್ಕದ್ದು. ಇದರಿಂದ ದರ್ಜೆಗಳ ವ್ಯತ್ಯಾಸ ಕಡಿಮೆಯಾಗುವುದಿಲ್ಲವಾದರೂ ಬೈಗುಳ ಇಬ್ಬರಿಗೂ ಸಮನಾಗಿ ಹಂಚಿಕೆಯಾಗುತ್ತದೆ.

೪. ಹೊಟ್ಟೆ ಚುರುಗುಟ್ಟುವಾಗ ಕೊಟ್ಟ ದರ್ಜೆಗಳು ಕಡಿಮೆಯಾಗಿಯೂ, ಉಂಡು ತೂಕಡಿಸುತ್ತಾ ಕೊಟ್ಟವು ಧಾರಾಳವಾಗಿಯೂ ಇರುವುದು ಕಂಡುಬಂದಿದೆ. ಆದಕಾರಣ ಪ್ರತಿಯೊಂದು ನಾಣ್ಯವನ್ನೂ ಸರಿಯಾಗಿ ಅರ್ಧ ಊಟವಾದಾಗ ಪರೀಕ್ಷಿಸತಕ್ಕದ್ದು. ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಭೂತಗನ್ನಡಿ ಇರತಕ್ಕದ್ದು. ಯಾವುದರಲ್ಲಿ ಯಾವುದು ಎಂಬುದಕ್ಕೆ ಕಲಂ ೩ ನೋಡುವುದು. ಆಕಸ್ಮಿಕವಾಗಿ ನುಂಗಿದ ನಾಣ್ಯಕ್ಕೆ ದರ್ಜೆ ಕೊಡುವ ಮುನ್ನ ಕನಿಷ್ಠ ಎರಡು ದಿನ ಕಾಯತಕ್ಕದ್ದು, ಮತ್ತು ಅದನ್ನು ಪರೀಕ್ಷಿಸುವ ಸರದಿ ನುಂಗಿದವರದೇ ಆಗಿರುತ್ತದೆ.

೫. ನಾಣ್ಯ ನೋಡಿ "ಅಯ್ಯೋ ಪಾಪ" ಎನ್ನತಕ್ಕದ್ದಲ್ಲ. ಹಾಗೆಂದಾಗಲೆಲ್ಲ ಮೂರು ಅಂಕ ಹೆಚ್ಚಾಗುತ್ತಿದೆ.

೬. ಬೇರೊಬ್ಬ ರಾಜನ, ಅಂದರೆ ಗಡ್ಡದ ರಾಜನ, ನಾಣ್ಯಗಳಿಗೆ ಎಡಗೈ ಪರೀಕ್ಷಕರು ಸತತವಾಗಿ ಹನ್ನೆರಡು ಅಂಕ ಕಡಿತ ಮಾಡುತ್ತಿದ್ದು, ಕಾರಣ ಕೇಳಲಾಗಿ, "ಥೇಟ್ ನಮ್ಮ ಮಾವನ ಮುಖ ಸಾರ್, ನೋಡಿದ್ರೇ ಮೈ ಉರಿಯುತ್ತೆ" ಎಂದು ಲಿಖಿತ ಉತ್ತರ ಕೊಟ್ಟಿರುತ್ತಾರೆ. ಇನ್ನು ಮುಂದೆ ಪರೀಕ್ಷಕರು ತಮ್ಮ ಹೆಂಡತಿಯ ಕಡೆಯ ಎಲ್ಲ ನೆಂಟರ ಭಾವಚಿತ್ರಗಳನ್ನು, ಎಡಮಗ್ಗುಲು ಮತ್ತು ಬಲಮಗ್ಗುಲು, ಎರಡೆರಡು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಅವುಗಳನ್ನು ಚಲಾವಣೆಯಲ್ಲಿದ್ದ ಎಲ್ಲ ರಾಜರೊಂದಿಗೆ ಹೋಲಿಸಲಾಗುವುದು. ಹೋಲಿಕೆ ಸಾಬೀತಾದಲ್ಲಿ ಮಾವನವರಿಗೆ ದರ್ಜೆ ಕೊಡಿಸಿಕೊಳ್ಳಲು ಅವಕಾಶವಿದೆ. ಆದರೆ ಡಬ್ಬಿಯಲ್ಲಿಟ್ಟು ಮೊಹರು ಹಾಕಲು ಬರುವುದಿಲ್ಲ. ಈ ಬಗ್ಗೆ ಪದೇ ಪದೇ ವಿಚಾರಿಸಬಾರದಾಗಿ ಕೋರಿದೆ.

೭. ಒಂದೇ ನಾಣ್ಯಕ್ಕೆ ಎರಡು ಬಾರಿ ಒಂದೇ ದರ್ಜೆ ಬಂದಲ್ಲಿ, ಪರೀಕ್ಷಕರು ಒಳಗೊಳಗೇ ಮಾತಾಡಿಕೊಂಡಿದ್ದಾರೆಂದು ಭಾವಿಸಿ ಶಿಸ್ತುಕ್ರಮ ಜರುಗಿಸಲಾಗುವುದು.

೮. ಸಾರ್ವಜನಿಕರು ಕಚೇರಿಯ ಭೂತಗನ್ನಡಿಯಿಂದ ಸ್ವಂತ ಅಕ್ಕನನ್ನು ನೋಡತಕ್ಕದ್ದಲ್ಲ. ಇದನ್ನು ಆ ದಿನವೇ ಬಾಯಿಮಾತಿನಲ್ಲಿ ತಿಳಿಸಲಾಗಿದ್ದು, ಹಾಗಾದರೆ ತಂಗಿಯನ್ನಾದರೂ ನೋಡಬಹುದೇ ಎಂದು ಅಕ್ಕ ಅಂದೇ ಸಂಜೆ ಸಲ್ಲಿಸಿದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅಷ್ಟರಲ್ಲಿ ಅವರು ನೋಡಿ ಮುಗಿಸಿದ್ದರು.

೯. ಸದರಿ ಸಹೋದರಿಯರು ಆ ದಿನ ಹನ್ನೊಂದು ನಿಮಿಷ ಎಡೆಬಿಡದೆ ನಕ್ಕು, ಆಮೇಲೆ ಬೆಂಚಿನ ನಡುವೆ ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತು ಅತ್ತಿರುತ್ತಾರೆ. ಅಕ್ಕ, "ನಾಲ್ಕು ವರ್ಷ ಅಮ್ಮನ್ನ ಮನಸ್ಸಲ್ಲೇ ಬೈಕೊಂಡೆ ಕಣೇ. ಇವರ ಬಿಸ್ಕತ್ತಿಗೆ ಬೆಂಕಿ ಹಾಕ!" ಎಂದದ್ದು ಕೌಂಟರಿನ ಗುಮಾಸ್ತರಿಗೆ ಸ್ಪಷ್ಟವಾಗಿ ಕೇಳಿಸಿದ್ದು, ಅವರೂ ಕರ್ತವ್ಯದ ವೇಳೆಯಲ್ಲಿ ಕಣ್ಣೊರೆಸಿಕೊಂಡಿರುತ್ತಾರೆ. ಅವರಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ.

೧೦. ಆನಂತರ ಸಹೋದರಿಯರಿಬ್ಬರೂ ಮೊಹರು ಒಡೆದು, ಎರಡೂ ನಾಣ್ಯಗಳನ್ನು ಅಕ್ಕನ ಬೊಗಸೆಯಲ್ಲಿ ಹಾಕಿ ಕುಲುಕಿ, ಕಣ್ಣು ಮುಚ್ಚಿ ಒಂದೊಂದನ್ನು ಎತ್ತಿಕೊಂಡಿರುತ್ತಾರೆ. ಯಾವುದು ಯಾರದೆಂದು ಈಗ ಯಾರಿಗೂ ತಿಳಿಯದು. ಶುಲ್ಕವಿಲ್ಲದೆ ಗೊತ್ತುಮಾಡಿಕೊಡುತ್ತೇವೆಂದು ಕಚೇರಿಯು ಎರಡು ಸಲ ಪತ್ರ ಬರೆದರೂ ಬೇಡವೆಂದಿರುತ್ತಾರೆ. ಹೀಗೆ ದರ್ಜೆಯೇ ಇಲ್ಲದೆ ಸಂತೋಷವಾಗಿರುವುದು ನಿಯಮಬಾಹಿರವಾಗಿದ್ದು, ಇತರರು ಇದನ್ನು ಅನುಸರಿಸತಕ್ಕದ್ದಲ್ಲ.

ಈ ಸುತ್ತೋಲೆಯನ್ನು ಓದಿ ಅರ್ಥವಾಗದವರು ಇನ್ನೊಮ್ಮೆ ಓದತಕ್ಕದ್ದು. ಎರಡನೇ ಸಲ ಬೇರೆ ಅರ್ಥ ಬಂದಲ್ಲಿ ಕಚೇರಿಯು ಹೊಣೆಯಲ್ಲ.

ಸಹಿ/-
(ಈ ವಾರ ಎಡಗೈಯಲ್ಲಿ)
ಮುಖ್ಯ ದರ್ಜೆ ಅಧಿಕಾರಿ

ಪ್ರತಿಗಳು:
೧. ಬಲಗೈ ಪರೀಕ್ಷಕರಿಗೆ, ಎಡಗೈಗೆ ಕೊಡುವುದು.
೨. ಎಡಗೈ ಪರೀಕ್ಷಕರಿಗೆ, ಅವರ ಮಾವನವರ ಮುಖಾಂತರ.
೩. ಕೌಂಟರಿನ ಗುಮಾಸ್ತರಿಗೆ, ಕಚೇರಿಯ ಖರ್ಚಿನಲ್ಲಿ ಒಂದು ಕರವಸ್ತ್ರದೊಂದಿಗೆ.
೪. ಸೂಚನಾ ಫಲಕಕ್ಕೆ.
೫. ಅಕ್ಕನವರಿಗೆ ಮತ್ತು ತಂಗಿಯವರಿಗೆ, ಇಬ್ಬರಿಗೂ ಸೇರಿ ಒಂದೇ ಪ್ರತಿ. ("ಬೇರೆ ಬೇರೆ ಬೇಡ, ಒಟ್ಟಿಗೆ ಕೂತು ಓದ್ಕೋತೀವಿ" ಎಂದು ಮುಂಚಿತವಾಗಿಯೇ ತಿಳಿಸಿರುತ್ತಾರೆ.)