ಹತ್ತರಗಿಯಲ್ಲಿ ಕೂತು ಮೂಡಲಗಿಯ ಕಂಪ್ಯೂಟರ್ ನಡೆಸಿದ್ದು

ಕಂಪ್ಯೂಟರ್ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದು ನಂಬಿದವರು ಈ ಜಗತ್ತಿನಲ್ಲಿ ಇಬ್ಬರಿದ್ದರು. ಒಬ್ಬಳು ನಾನು. ಇನ್ನೊಬ್ಬರು ನನ್ನ ಯಜಮಾನರು.

ಮೂಡಲಗಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆಯ ಅಕ್ಷರ ಜೋಡಿಸಿ, ತಪ್ಪು ತಿದ್ದಿ, ಚಂದ ಮಾಡುವುದು ನನ್ನ ಕೆಲಸ. ಛಾಪಿಸುವುದು ಅವರದು. ಮದುವೆಯಾದಾಗಿನಿಂದ ಆ ಇಕ್ಕಟ್ಟಿನ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಕೂತು ದುಡಿದವರು ನಾವು. ಈಗ ಮೊದಲ ಹೆರಿಗೆಗೆಂದು ನನ್ನನ್ನು ಹತ್ತರಗಿಯ ತವರಿಗೆ ಕಳಿಸಿದ್ದರು. ಅಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ತುಪ್ಪವಿತ್ತು, ಹಣ್ಣಿತ್ತು, ಅವ್ವನ ಉಪಚಾರವಿತ್ತು. ಆದರೆ ಬೆನ್ನ ಹಿಂದೆ ಯಾರೂ ಕೆಮ್ಮುತ್ತಿರಲಿಲ್ಲ!

ಫೋನ್ ಇರಲಿಲ್ಲವೇ ಎನ್ನುತ್ತೀರಿ. ಇತ್ತು. ಈ ಕಡೆ ನನ್ನ ಪಕ್ಕದಲ್ಲಿ ಅವ್ವ, ಆ ಕಡೆ ಅವರ ಪಕ್ಕದಲ್ಲಿ ಗಿರಾಕಿ.

“ಊಟ ಆತೇನ್ರಿ?”

“ಹೂಂ.”

“ಮತ್ತ?”

“ಏನಿಲ್ಲ.”

ಇಷ್ಟೇ ನಮ್ಮ ಸಂಸಾರ.

ಒಂದು ಮಧ್ಯಾಹ್ನ ನನಗೆ ಹೊಳೆಯಿತು. ದೂರದಲ್ಲಿದ್ದುಕೊಂಡೇ ಇನ್ನೊಂದು ಊರಿನ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಇರುತ್ತದಲ್ಲ! ತವರಿನಲ್ಲೊಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಅಂಗಡಿಯ ಕೆಲಸಕ್ಕೆ ಅದರ ಶಕ್ತಿ ಸಾಲದು, ಆದರೆ ಅಂಗಡಿಯ ಪರದೆಯನ್ನು ತೋರಿಸಲು ಸಾಕು. “ಯಾಕವ್ವಾ ಇದೆಲ್ಲ?” ಎಂದ ಅವ್ವನಿಗೆ ಗಂಭೀರವಾಗಿ ಹೇಳಿದೆ: “ವ್ಯಾಪಾರ ನಿಂದರಬಾರದಲ್ಲ, ಯವ್ವಾ.”

ಮೊದಲು ಆರಿಸಿದ್ದು ಪುಕ್ಕಟೆ ಸಾಫ್ಟ್‌ವೇರ್. ವಧುವಿನ ಹೆಸರು ಬರೆದು ವರನ ಹೆಸರಿಗೆ ಬರುವಷ್ಟರಲ್ಲಿ ಅದು ಸಂಪರ್ಕ ಕಡಿದು ‘ಕೊಂಡುಕೊಳ್ಳಿ’ ಎನ್ನುತ್ತಿತ್ತು. ಎರಡನೆಯದು ಬಹಳ ಶಿಸ್ತಿನದು. ನಾನು ಒಳಗೆ ಬರಲು ಆ ಕಡೆಯವರು ಪ್ರತಿ ಸಲ ಒಪ್ಪಿಗೆಯ ಗುಂಡಿ ಒತ್ತಬೇಕು. ನಮ್ಮವರು ಪ್ರತಿ ಸಲ ನಿರಾಕರಿಸುವ ಗುಂಡಿಯನ್ನೇ ಒತ್ತಿದರು!

“ಯಾಕ್ರಿ ನನ್ನ ಹೊರಗ ಹಾಕಾಕತ್ತೀರಿ?” ಎಂದು ಫೋನ್ ಮಾಡಿ ಕೇಳಿದೆ.

“ನೀನೇನದು? ನಾ ಕಳ್ಳರಂತ ತಿಳದಿದ್ನಿ!”

ಕಟ್ಟಿಕೊಂಡ ಹೆಂಡತಿಗೆ ಇಂಥ ಗೌರವ.

ಮೂರನೆಯದು ಕೂಡಿಬಂತು. ಪರದೆ ತೆರೆಯಿತು. ನಮ್ಮ ಅಂಗಡಿಯ ಕಂಪ್ಯೂಟರ್! ನಾನು ಏನನ್ನೂ ಮುಟ್ಟದಿದ್ದರೂ ಮೌಸಿನ ಬಾಣ ಮೆಲ್ಲಗೆ ಸರಿಯಿತು. ಅದು ಅವರ ಕೈ. ಅವರ ಬಾಣ ಹೋಗಬೇಕಾದ ಕಡೆ ಎಂದೂ ನೇರ ಹೋಗುವುದಿಲ್ಲ, ಊರೆಲ್ಲ ಸುತ್ತಿಕೊಂಡು ಹೋಗುತ್ತದೆ. ನೋಡುತ್ತ ನೋಡುತ್ತ ನನ್ನ ಕಣ್ಣು ತುಂಬಿತು.

“ಏನಾತ?” ಎಂದಳು ಅವ್ವ.

“ಬೆಳಕು ಚುಚ್ಚಾಕತ್ತೈತಿ” ಎಂದೆ.

ಅಂದಿನಿಂದ ನಾನು ಪತ್ರಿಕೆ ತಿದ್ದುತ್ತಿದ್ದೆ. ತಿದ್ದುತ್ತ ತಿದ್ದುತ್ತ ಅದೇ ಪತ್ರಿಕೆಯ ಕೆಳಗೆ ಒಂದು ಸಾಲು ಬರೆಯುತ್ತಿದ್ದೆ. ಅವರು ಓದಿ ಒಂದೊಂದೇ ಅಕ್ಷರ ಹುಡುಕಿ ಉತ್ತರ ಬರೆಯುತ್ತಿದ್ದರು. ಆಮೇಲೆ ನಾನು ಎಲ್ಲವನ್ನೂ ಅಳಿಸುತ್ತಿದ್ದೆ. ಅವ್ವನಿಗೂ ಕೇಳದು, ಗಿರಾಕಿಗೂ ಕಾಣದು. ಎಂಥ ಬುದ್ಧಿವಂತೆ ನಾನು!

ನಾಗನೂರಿನ ಭರಮಪ್ಪ ಕಾಕಾ ಹೊಲದ ಕೆಲಸದ ಜೊತೆ ಕುರಿಯನ್ನೂ ಸಾಕುವ ಮನುಷ್ಯ, ನಮ್ಮ ಹಳೆಯ ಗಿರಾಕಿ. ಅವರ ಮಗಳ ಲಗ್ನಪತ್ರಿಕೆ ತಿದ್ದಿ ಮುಗಿಸಿದ ದಿನ ನನ್ನ ಮನಸ್ಸು ಬಹಳ ಭಾರವಾಗಿತ್ತು. ‘ಸರ್ವರಿಗೂ ಆದರದ ಸ್ವಾಗತ’ ಎಂಬುದರ ಕೆಳಗೆ ಬರೆದೆ: “ನೀವಿಲ್ಲದ ಮನಸ್ಸು ನಿಲ್ಲವಲ್ದು. ಎಲ್ಲಾ ಕೆಲಸ ಬಿಟ್ಟು ಲಗೂನ ಬರ್ರಿ. ಬರುವಾಗ ಕರದಂಟು ತರ್ರಿ. ಅವ್ವಗ ಹೇಳಬ್ಯಾಡ್ರಿ.”

ಆಗಲೇ ಹತ್ತರಗಿಯಲ್ಲಿ ಕರೆಂಟು ಹೋಯಿತು. ನೆಟ್ಟೂ ಹೋಯಿತು, ಸಾಲು ಅಳಿಸದೆ ಉಳಿಯಿತು. ಚಹಾ ಕುಡಿಯಲು ಹೊರಗೆ ಹೋಗಿದ್ದ ನಮ್ಮವರು ಮರಳಿ ಬಂದು, ಹೆಂಡತಿ ತಿದ್ದಿದ ಮೇಲೆ ನೋಡುವುದೇನಿದೆ ಎಂಬ ಪೂರ್ಣ ವಿಶ್ವಾಸದಿಂದ, ಇದ್ದದ್ದನ್ನು ಇದ್ದ ಹಾಗೆಯೇ ಛಾಪಿಸಿದರು. ಭರಮಪ್ಪ ಕಾಕಾ ಇದ್ದದ್ದನ್ನು ಇದ್ದ ಹಾಗೆಯೇ ಹಂಚಿದರು!

ಕೆಲವು ದಿನಗಳ ಮೇಲೆ ಕಾಕಾ ಫೋನ್ ಮಾಡಿದರು. “ತಂಗಿ, ಕರದಂಟಿಂದು ಬಿಡು, ತಂದ್ರ ತಿಂತೇವಿ. ಆದ್ರ ‘ಅವ್ವಗ ಹೇಳಬ್ಯಾಡ್ರಿ’ ಅಂತ ಯಾಕ ಹಾಕೀದಿ? ನಮ್ಮ ಬೀಗತಿ ಸಿಟ್ಟಾಗ್ಯಾಳ. ಹುಡುಗನ ಅವ್ವಗ ಹೇಳಬ್ಯಾಡ್ರಂತ ಪತ್ರಿಕಿಯೊಳಗನ ಹಾಕಿಸ್ಯಾರ, ಲಗ್ನಕ್ಕ ನಾ ಬರೂದಿಲ್ಲ ಅಂತ ಕುಂತಾಳ!”

ಒಂದು ಲಗ್ನ ಮುರಿಯುವ ಹಂತಕ್ಕೆ ಬಂದಿತ್ತು. ಬೀಗತಿಯ ಊರು ಹುಕ್ಕೇರಿ. ಫೋನ್ ಹಚ್ಚಿದೆ. ಪಕ್ಕದಲ್ಲಿ ಅವ್ವ ಕಾಳು ಆರಿಸುವುದನ್ನು ನಿಲ್ಲಿಸಿ ಕಿವಿ ನೆಟ್ಟಳು. ಬೇರೆ ದಾರಿಯಿರಲಿಲ್ಲ.

“ಅಕ್ಕಾರ, ಅದು ನಿಮಗ ಬರದದ್ದಲ್ರಿ. ನಾ ನಮ್ಮ ಮನಿಯವರಿಗೆ ಬರದದ್ರಿ. ಆ ಅವ್ವ ಅಂದ್ರ ನಮ್ಮವ್ವರಿ.”

ಈ ಕಡೆ ಅವ್ವನ ಮೊರದಿಂದ ಕಾಳು ಚೆಲ್ಲಿದ ಸದ್ದು.

“ಎಲ್ಲಿದ್ದೀ ನೀ?” ಎಂದು ಕೇಳಿದರು ಬೀಗತಿ.

“ತವರಮನಿಯಾಗ್ರಿ. ಹಡ್ಯಾಕ ಬಂದೇನ್ರಿ.”

ಅವರು ನಗತೊಡಗಿದರು. ನಗು ನಿಂತ ಮೇಲೆ ದನಿ ಮೆತ್ತಗಾಯಿತು. “ಆತ ಬಿಡವ್ವಾ, ಲಗ್ನಕ್ಕ ಬರ್ತೇನಿ. ನಿನ್ನ ಗಂಡ ಬಂದಾನೋ ಇಲ್ಲೋ?”

“ಇನ್ನೂ ಇಲ್ರಿ” ಎಂದೆ. ಅವ್ವ ಕೆಳಗೆ ಬಿದ್ದ ಕಾಳು ಆರಿಸುತ್ತಿದ್ದಳು.

ಸುದ್ದಿ ತಿಳಿದ ಭರಮಪ್ಪ ಕಾಕಾ ನೇರ ಅಂಗಡಿಗೆ ಹೋಗಿ ನಮ್ಮವರ ಮುಂದೆ ಕೂತರಂತೆ. “ಪತ್ರಿಕಿ ಓದಿ ಊರ ಮಂದಿಯೆಲ್ಲ ಬರಾಕ ತಯಾರಾಗ್ಯಾರ. ಯಾರಿಗೆ ಬರದಾಳೋ ಅಂವಾ ಮಾತ್ರ ಇಲ್ಲೇ ಕುಂತಾನ!”

ಮರುದಿನ ಸಂಜೆ ನಮ್ಮ ಮನೆಯ ಮುಂದೆ ಯಜಮಾನರು ನಿಂತಿದ್ದರು. ಎರಡು ಬಸ್ಸು ಬದಲಿಸಿ ಬಂದ ಮೈಯೆಲ್ಲ ಧೂಳು. ಎದೆಗವಚಿಕೊಂಡ ಕೌದಿಯೊಳಗೆ ಏನೋ ಇತ್ತು. ಬಿಚ್ಚಿದರೆ ಅಂಗಡಿಯ ಕಂಪ್ಯೂಟರಿನ ಸಿಪಿಯು ಡಬ್ಬಿ!

“ದೂರದಿಂದ ನಡಸೂದು ಸಾಕು” ಎಂದರು. “ಇಲ್ಲೇ ಇಟಗೊ. ಕೆಲಸ ಆದಂಗ ಪತ್ರಿಕಿ ನಾ ಬಂದು ಒಯ್ತೇನಿ. ಛಾಪಿಸಾಕ ಅಲ್ಲಿ ಹಳೇ ಕಂಪ್ಯೂಟರ್ ಐತಿ.”

“ಮತ್ತ ಪರದೆ?”

“ಅಯ್ಯ, ಅದನ್ನ ಮರತೆ. ನಾಳಿ ತರ್ತೇನಿ.”

ಮರುದಿನ ಪರದೆ ತಂದರು, ಕೀಬೋರ್ಡು ಮರೆತರು. ಅದರ ಮರುದಿನ ಕೀಬೋರ್ಡು ತಂದರು, ಮೌಸ್ ಮರೆತರು. ಮೂರು ಸಾಫ್ಟ್‌ವೇರ್ ಸೋಸಿದ ಈ ಮಹಾತಜ್ಞೆಗೆ ಎರಡೂ ಊರುಗಳ ನಡುವೆ ಬಸ್ಸುಗಳು ಓಡಾಡುತ್ತವೆ ಎಂಬುದು ಅಷ್ಟು ದಿನ ಹೊಳೆದಿರಲಿಲ್ಲ!

ಕೊನೆಗೆ ಮೌಸ್ ಕೂಡ ಬಂತು. ಚೀಲದಲ್ಲಿ ಇನ್ನೇನೂ ಉಳಿಯಲಿಲ್ಲ. ನಾಳೆ ಅವರು ಬರಲು ಕಾರಣವೂ ಉಳಿಯಲಿಲ್ಲ. ನಾನು ಮುಖ ಸಪ್ಪಗೆ ಮಾಡಿಕೊಂಡು ಹೇಳಿದೆ: “ಎಲ್ಲಾ ತಂದೀರಿ ಖರೆ, ಕರೆಂಟಿನ ವಾಯರ್ ಮರತೀರಲ್ರಿ. ನಾಳಿ ಮತ್ತ ಬರಬೇಕಾಗತೈತಿ.”

“ವಾಯರ್ ಮೊದಲನೇ ದಿನಾನ ತಂದಿದ್ನೆಲ್ಲ?” ಎಂದು ಅವರು ತಲೆ ಕೆರೆದುಕೊಂಡರು.

“ಇಲ್ರಿ, ನಾ ನೋಡೇ ಇಲ್ಲ” ಎಂದೆ.

ಆ ಹೊತ್ತಿಗೆ ಅಳಿಯನಿಗೆ ಒರಗಲು ದಿಂಬು ತರಲು ಹೋಗಿದ್ದ ಅವ್ವ ಒಳಗಿನಿಂದಲೇ ಕೂಗಿದಳು: “ಯವ್ವಾ, ನಿನ್ನ ತಲಿದಿಂಬಿನ ಬುಡಕ ಇದೇನ ಕರೇ ವಾಯರ್ ಸುತ್ತಿ ಇಟ್ಟೀಯ?”